ಕಟ್ಟಡಗಳೊಳಗೆ ಮೊಬೈಲ್ ಸಂಕೇತ: ಕೊರತೆಯ ಕಾರಣಗಳು ಮತ್ತು ಪರಿಹಾರ

ಭಾರತದಲ್ಲಿ ಸಂಚಾರಿ ದೂರವಾಣಿಯ ಮೊದಲ ಕರೆ 1995ರ ಜುಲೈ 31ರಂದು ನಡೆಯಿತು. ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದರು. ಅಂದು ಕೆಲವರ ಕೈಯಲ್ಲಿ ಮಾತ್ರ ಇದ್ದ ಈ ಸಾಧನ ಇಂದು ಮನೆಮನೆಯ ಅಗತ್ಯವಾಗಿದೆ. ಬ್ಯಾಂಕಿನ ವ್ಯವಹಾರಕ್ಕೆ ಬೇಕಾದ ಗುಪ್ತ ಸಂಖ್ಯೆ, ಅಡಿಗೆ ಅನಿಲದ ಬುಕಿಂಗ್, ಮಕ್ಕಳ ಪಾಠ, ಆಂಬ್ಯುಲೆನ್ಸ್‌ಗೆ ಮಾಡುವ ಕರೆ, ಎಲ್ಲವೂ ಇದರ ಮೂಲಕವೇ ನಡೆಯುತ್ತವೆ. ಆದರೆ ಬೀದಿಯಲ್ಲಿ ಸ್ಪಷ್ಟವಾಗಿ ಕೇಳುತ್ತಿದ್ದ ಮಾತು ಮನೆಯ ಹೊಸ್ತಿಲು ದಾಟಿದೊಡನೆ ಕಡಿದುಹೋಗುವುದು ಅನೇಕರ ದಿನನಿತ್ಯದ ಅನುಭವ. ಹೀಗೇಕಾಗುತ್ತದೆ, ಇದಕ್ಕೆ ನ್ಯಾಯಸಮ್ಮತವಾದ ಪರಿಹಾರಗಳಾವುವು, ಯಾವ ಪರಿಹಾರವನ್ನು ಮಾಡಬಾರದು ಎಂಬುದನ್ನು ಪ್ರತಿಯೊಬ್ಬ ನಾಗರಿಕನೂ ತಿಳಿದಿರುವುದು ಒಳ್ಳೆಯದು.

ಬೆಟ್ಟ ಮತ್ತು ಕಡಲಿನ ನಡುವೆ: ಋಷಿಕೊಂಡದ ಉದಾಹರಣೆ

ಆಂಧ್ರಪ್ರದೇಶದ ವಿಶಾಖಪಟ್ಟಣದಿಂದ ಭೀಮುನಿಪಟ್ಟಣದ ಕಡೆಗೆ ಸಾಗುವ ಕರಾವಳಿ ರಸ್ತೆಯಲ್ಲಿ ಋಷಿಕೊಂಡವಿದೆ. ತೆಲುಗಿನಲ್ಲಿ ‘ಕೊಂಡ’ ಎಂದರೆ ಬೆಟ್ಟ. ಹೆಸರೇ ಸೂಚಿಸುವಂತೆ ಇಲ್ಲಿ ಪೂರ್ವಘಟ್ಟದ ಗುಡ್ಡಗಳು ಕಡಲಿನವರೆಗೂ ಚಾಚಿಕೊಂಡಿವೆ. 2020ರಲ್ಲಿ ನೀಲಿ ಧ್ವಜದ ಮಾನ್ಯತೆ ಪಡೆದ ಭಾರತದ ಎಂಟು ಕಡಲತೀರಗಳಲ್ಲಿ ಋಷಿಕೊಂಡವೂ ಒಂದು. ಕರ್ನಾಟಕದ ಕಾಸರಕೋಡು ಮತ್ತು ಪಡುಬಿದ್ರಿ ತೀರಗಳೂ ಅದೇ ಪಟ್ಟಿಯಲ್ಲಿದ್ದವು. ಈಗ ಋಷಿಕೊಂಡದ ಗುಡ್ಡಗಳ ಮೇಲೆ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳ ಕಟ್ಟಡಗಳಿವೆ. ಸುತ್ತಮುತ್ತ ವಿಶ್ವವಿದ್ಯಾಲಯ, ವಸತಿ ಸಮುಚ್ಚಯಗಳು ಮತ್ತು ಪ್ರವಾಸಿ ವಸತಿಗಳಿವೆ.

ರೇಡಿಯೊ ಅಲೆಗಳ ದೃಷ್ಟಿಯಿಂದ ಇಂತಹ ನೆಲವು ಸುಲಭವಾದುದಲ್ಲ. ಬಯಲುಸೀಮೆಯ ಊರಿಗೆ ನಾಲ್ಕೂ ದಿಕ್ಕಿನಲ್ಲಿ ಮೊಬೈಲ್ ಗೋಪುರಗಳನ್ನು ನಿಲ್ಲಿಸಬಹುದು. ಕಡಲತೀರದಲ್ಲಿ ಒಂದು ದಿಕ್ಕು ನೀರಿನ ಪಾಲಾಗಿರುತ್ತದೆ. ಇನ್ನೊಂದು ದಿಕ್ಕಿನಲ್ಲಿ ಗುಡ್ಡ ಅಡ್ಡ ಬಂದರೆ ಅದರ ಹಿಂದಿನ ಮನೆಗಳು ಗೋಪುರದ ನೆರಳಿನಲ್ಲಿ ಉಳಿಯುತ್ತವೆ. ಮರದ ನೆರಳಿನಲ್ಲಿಯೂ ಸ್ವಲ್ಪ ಬೆಳಕು ಇರುವಂತೆ, ಗುಡ್ಡದ ಅಂಚಿನಲ್ಲಿ ಬಾಗಿಯೂ ಎದುರಿನ ಕಟ್ಟಡಗಳಿಂದ ಪ್ರತಿಫಲಿಸಿಯೂ ಸ್ವಲ್ಪ ಸಂಕೇತ ಅಲ್ಲಿಗೆ ತಲುಪುತ್ತದೆ. ಆದರೆ ಅದು ಕ್ಷೀಣವಾಗಿರುತ್ತದೆ. ಆದುದರಿಂದ ಇಂತಹ ಸ್ಥಳಗಳಲ್ಲಿ ಕಡಲಿಗೆ ತೆರೆದ ವಿಶಾಲವಾದ ಬಾಲ್ಕನಿಯಲ್ಲಿ ಸಂಕೇತ ದುರ್ಬಲವಾಗಿದ್ದು, ಹಿಂಬದಿಯ ಅಡಿಗೆಮನೆಯ ಕಿಟಕಿಯ ಬಳಿ ಚೆನ್ನಾಗಿರುವುದು ಸಾಧ್ಯ. ಗೋಪುರ ಯಾವ ಕಡೆ ಇದೆ ಎಂಬುದೇ ಮುಖ್ಯ, ಗಾಳಿ ಯಾವ ಕಡೆಯಿಂದ ಬರುತ್ತದೆ ಎಂಬುದಲ್ಲ. ಮಲೆನಾಡಿನ ಕಣಿವೆಯ ಮನೆಗಳಿಗೂ, ಘಟ್ಟ ಮತ್ತು ಕಡಲಿನ ನಡುವೆ ಇರುವ ಉತ್ತರ ಕನ್ನಡ, ಉಡುಪಿ, ಕಾಸರಗೋಡಿನ ಊರುಗಳಿಗೂ ಈ ಮಾತು ಅನ್ವಯಿಸುತ್ತದೆ.

ಕಟ್ಟಡವೇ ತಡೆಯಾಗುವ ಬಗೆ

ಹೊರಗೆ ಸಾಕಷ್ಟು ಸಂಕೇತವಿದ್ದರೂ ಒಳಗೆ ಇಲ್ಲದಿರುವುದಕ್ಕೆ ಬಹುಮಟ್ಟಿಗೆ ಕಟ್ಟಡದ ಸಾಮಗ್ರಿಯೇ ಕಾರಣ. ಸಂಕೇತದ ಬಲವನ್ನು ಡೆಸಿಬಲ್ ಎಂಬ ಮಾನದಲ್ಲಿ ಅಳೆಯಲಾಗುತ್ತದೆ. ಇದರಲ್ಲಿ 10 ಡೆಸಿಬಲ್ ಕಡಿಮೆಯಾಯಿತೆಂದರೆ ಬಲವು ಹತ್ತರಲ್ಲಿ ಒಂದು ಪಾಲಿಗೆ, 20 ಕಡಿಮೆಯಾದರೆ ನೂರರಲ್ಲಿ ಒಂದು ಪಾಲಿಗೆ, 30 ಕಡಿಮೆಯಾದರೆ ಸಾವಿರದಲ್ಲಿ ಒಂದು ಪಾಲಿಗೆ ಇಳಿಯಿತೆಂದು ಅರ್ಥ. ಸಾಮಾನ್ಯ ಇಟ್ಟಿಗೆಯ ಗೋಡೆಯನ್ನು ದಾಟುವಾಗ ಸುಮಾರು 5ರಿಂದ 10 ಡೆಸಿಬಲ್ ನಷ್ಟವಾಗಬಹುದು. ಕಬ್ಬಿಣದ ಸರಳುಗಳಿರುವ ಕಾಂಕ್ರೀಟಿನಲ್ಲಿ ನಷ್ಟ 10ರಿಂದ 20 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚು. ಬಿಸಿಲಿನ ತಾಪವನ್ನು ತಡೆಯಲು ತೆಳುವಾದ ಲೋಹದ ಲೇಪ ಕೊಟ್ಟ ಗಾಜಿನಲ್ಲಿ ನಷ್ಟ 20ರಿಂದ 30 ಡೆಸಿಬಲ್‌ನವರೆಗೂ ಹೋಗುತ್ತದೆ. ಕಣ್ಣಿಗೆ ಪಾರದರ್ಶಕವಾಗಿ ಕಾಣುವ ಇಂತಹ ಗಾಜು ರೇಡಿಯೊ ಅಲೆಗಳ ಪಾಲಿಗೆ ದಪ್ಪ ಗೋಡೆಗಿಂತ ದೊಡ್ಡ ಅಡ್ಡಿ. ಋಷಿಕೊಂಡದಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಗಾಜಿನ ಹೊದಿಕೆಯ ಕಚೇರಿಗಳಿಗೆ ಒಳಗೇ ಪ್ರತ್ಯೇಕ ವ್ಯವಸ್ಥೆ ಬೇಕಾಗುವುದು ಈ ಕಾರಣದಿಂದ.

ಮಣ್ಣಿನ ಹೆಂಚು ಹೊದಿಸಿದ ಹಳೆಯ ಮನೆಯಲ್ಲಿ ಅಲೆಗಳು ಮಾಡಿನ ಮೂಲಕ ಬಹಳಷ್ಟು ಒಳಬರುತ್ತವೆ. ಅದೇ ಮನೆಗೆ ಹೆಂಚು ತೆಗೆದು ಲೋಹದ ತಗಡು ಹೊದಿಸಿದರೆ ಆ ದಾರಿ ಮುಚ್ಚಿಹೋಗುತ್ತದೆ. ಮಾಡು ಬದಲಾದ ಮೇಲೆ ಮೊಬೈಲ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಮನೆಯವರು ಹೇಳಿದರೆ ಅದು ಕೇವಲ ಭ್ರಮೆಯಲ್ಲ. ಲಿಫ್ಟ್ ಎಂಬುದು ಎಲ್ಲ ಕಡೆ ಮುಚ್ಚಿದ ಲೋಹದ ಪೆಟ್ಟಿಗೆ. ನೆಲಮಾಳಿಗೆಯ ಸುತ್ತಲೂ ಮಣ್ಣು. ಇವೆರಡರಲ್ಲಿಯೂ ಸಂಕೇತ ಬಹುತೇಕ ಇಲ್ಲವಾಗುತ್ತದೆ.

ಅಲೆಯ ಆವರ್ತನವೂ ಇಲ್ಲಿ ಮುಖ್ಯವಾಗುತ್ತದೆ. 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್. 3300 ಮೆಗಾಹರ್ಟ್ಸ್ ಅಲೆಯದು ಸುಮಾರು 9 ಸೆಂಟಿಮೀಟರ್. ಸಾಮಾನ್ಯವಾಗಿ ಉದ್ದವಾದ ಅಲೆಗಳು ಅಡ್ಡಿಗಳನ್ನು ಬಳಸಿಕೊಂಡು ಹೋಗುತ್ತವೆ, ಗೋಡೆಗಳನ್ನೂ ಹೆಚ್ಚು ಸುಲಭವಾಗಿ ದಾಟುತ್ತವೆ. ಗಿಡ್ಡ ಅಲೆಗಳ ಮೇಲೆ ಹೆಚ್ಚು ಮಾಹಿತಿಯನ್ನು ವೇಗವಾಗಿ ಕಳುಹಿಸಬಹುದಾದರೂ ಅವು ಬೇಗ ದುರ್ಬಲವಾಗುತ್ತವೆ. ದೇಶದಲ್ಲಿ 2022ರ ಅಕ್ಟೋಬರ್ 1ರಂದು ಆರಂಭವಾದ 5ಜಿ ಸೇವೆ ರಸ್ತೆಯಲ್ಲಿ ವೇಗವಾಗಿದ್ದು ಒಳಕೋಣೆಯಲ್ಲಿ ಮಂಕಾಗುವುದಕ್ಕೆ ಇದೂ ಒಂದು ಕಾರಣ.

ಕೇಳುವುದು ಒಂದು, ಹೇಳುವುದು ಇನ್ನೊಂದು

ಮೊಬೈಲಿನ ಪರದೆಯ ಮೇಲಿನ ಗೆರೆಗಳು ಗೋಪುರದ ಸಂಕೇತ ಎಷ್ಟು ಬಲವಾಗಿ ಬರುತ್ತಿದೆ ಎಂಬುದನ್ನು ಮಾತ್ರ ತೋರಿಸುತ್ತವೆ. ಮೊಬೈಲಿನ ಸಂಕೇತ ಗೋಪುರವನ್ನು ತಲುಪುತ್ತಿದೆಯೇ ಎಂಬುದನ್ನು ಅವು ಹೇಳುವುದಿಲ್ಲ. ಗೋಪುರದ ಪ್ರಸಾರಯಂತ್ರ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೆಲಸ ಮಾಡಬಲ್ಲದು. 4ಜಿ ಮೊಬೈಲಿನ ಗರಿಷ್ಠ ಶಕ್ತಿ ಸಾಮಾನ್ಯವಾಗಿ ಒಂದು ವ್ಯಾಟಿನ ಐದನೇ ಒಂದು ಪಾಲು, ಅಂದರೆ 200 ಮಿಲಿವ್ಯಾಟ್. ಎರಡು ಗೆರೆಗಳು ಕಾಣುತ್ತಿದ್ದರೂ ಈ ಕಡೆಯ ಮಾತು ಆ ಕಡೆಗೆ ಕೇಳಿಸದೆ ಇರುವುದು ಇದರಿಂದ ಸಾಧ್ಯ. ಸಂಕೇತ ದುರ್ಬಲವಾದಷ್ಟೂ ಮೊಬೈಲ್ ತನ್ನ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಬ್ಯಾಟರಿ ಬೇಗ ಬರಿದಾಗುತ್ತದೆ, ಸಾಧನ ಬಿಸಿಯಾಗುತ್ತದೆ. ಈ ಎರಡು ದಿಕ್ಕಿನ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳಲಾಗುವ ಬೂಸ್ಟರ್‌ಗಳ ದೋಷವನ್ನು ಅರ್ಥಮಾಡಿಕೊಳ್ಳುವುದು ಸುಲಭ.

ಮೊದಲು ಮಾಡಬೇಕಾದ ಪರೀಕ್ಷೆ

ಹಣ ಖರ್ಚು ಮಾಡುವ ಮೊದಲು ಕೊರತೆ ಹೊರಗಿನದೋ ಒಳಗಿನದೋ ಎಂಬುದನ್ನು ನಿರ್ಧರಿಸಬೇಕು. ಬಹಳಷ್ಟು ಮೊಬೈಲ್‌ಗಳ ಸೆಟ್ಟಿಂಗ್ಸ್ ವಿಭಾಗದಲ್ಲಿ ಸಿಮ್ ಸ್ಥಿತಿಯನ್ನು ತೋರಿಸುವ ಪುಟದಲ್ಲಿ ಸಂಕೇತದ ಬಲ ಋಣ ಸಂಖ್ಯೆಯಾಗಿ ಕಾಣುತ್ತದೆ. 4ಜಿ ಸೇವೆಯಲ್ಲಿ –80ರ ಆಸುಪಾಸು ಉತ್ತಮ, –100 ಸಾಧಾರಣ, –110ಕ್ಕಿಂತ ಕೆಳಗೆ ಹೋದರೆ ದುರ್ಬಲ. ತಾರಸಿಯ ಮೇಲೆ, ಅಂಗಳದಲ್ಲಿ, ಪ್ರತಿ ಕೋಣೆಯಲ್ಲಿ ಮತ್ತು ಕಿಟಕಿಗಳ ಬಳಿ ಈ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಬೇಕು. ಉದಾಹರಣೆಗೆ ತಾರಸಿಯಲ್ಲಿ –85 ಇದ್ದು ಕೋಣೆಯಲ್ಲಿ –110 ಇದ್ದರೆ 25 ಡೆಸಿಬಲ್ ನಷ್ಟ ಕಟ್ಟಡದ್ದೇ. ತಾರಸಿಯಲ್ಲಿಯೇ –110 ಇದ್ದರೆ ದೋಷ ಕಟ್ಟಡದ್ದಲ್ಲ. ಆ ಪ್ರದೇಶಕ್ಕೆ ಸೇವೆಯೇ ಸಾಲದು.

ಹೊರಗಿನ ಕೊರತೆಗೆ ಸೇವಾ ಕಂಪನಿಯೇ ಉತ್ತರ ನೀಡಬೇಕು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರಲ್ಲಿ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಗಳ ಪ್ರಕಾರ ಕಂಪನಿಗಳು ತಮ್ಮ ಸೇವೆ ಎಲ್ಲೆಲ್ಲಿ ದೊರೆಯುತ್ತದೆ ಎಂಬ ನಕ್ಷೆಯನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ಗ್ರಾಹಕರು ದೂರನ್ನು ಕಂಪನಿಯ ದೂರು ಸಂಖ್ಯೆ 198ಕ್ಕೆ ಸಲ್ಲಿಸಿ, ದೂರಿನ ಕ್ರಮಸಂಖ್ಯೆಯನ್ನು ಪಡೆದಿಟ್ಟುಕೊಳ್ಳಬೇಕು. ಪರಿಹಾರ ತೃಪ್ತಿಕರವಾಗಿಲ್ಲದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ನೆರೆಯವರ ಬೇರೆ ಕಂಪನಿಯ ಮೊಬೈಲ್ ಅದೇ ಕೋಣೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ, ಸಂಖ್ಯೆಯನ್ನು ಬದಲಿಸದೆಯೇ ಆ ಕಂಪನಿಗೆ ಬದಲಾಗುವ ಅವಕಾಶ 2011ರ ಜನವರಿಯಿಂದ ದೇಶದಾದ್ಯಂತ ಇದೆ.

ಖರ್ಚಿಲ್ಲದ ಇನ್ನೂ ಕೆಲವು ಉಪಾಯಗಳುಂಟು. ಗೋಪುರದ ದಿಕ್ಕಿನ ಕಿಟಕಿಯ ಬಳಿ ಕುಳಿತು ಮಾತನಾಡುವುದು. ಒಳಗೆ 5ಜಿ ಪದೇ ಪದೇ ಕಡಿಯುತ್ತಿದ್ದರೆ ಮೊಬೈಲನ್ನು 4ಜಿಗೆ ನಿಗದಿಪಡಿಸುವುದು. ಲೋಹದ ಅಂಶವಿರುವ ಕವಚವನ್ನು ಮೊಬೈಲಿನಿಂದ ತೆಗೆಯುವುದು. ಇವು ಸಣ್ಣ ಸಂಗತಿಗಳಾದರೂ ಕರೆ ನಿಲ್ಲುವ ಮತ್ತು ಕಡಿಯುವ ಅಂಚಿನಲ್ಲಿರುವಾಗ ಕೆಲವು ಡೆಸಿಬಲ್‌ಗಳ ಲಾಭವೂ ಸಾಕಾಗುತ್ತದೆ.

ವೈಫೈ ಮೂಲಕ ಕರೆ

ಮನೆಗೆ ತಂತಿಯ ಅಥವಾ ಫೈಬರಿನ ಇಂಟರ್ನೆಟ್ ಸಂಪರ್ಕವಿದ್ದರೆ ಅತ್ಯಂತ ಸುಲಭವಾದ ಪರಿಹಾರ ವೈಫೈ ಕರೆ. ಭಾರತದಲ್ಲಿ ಈ ಸೇವೆ 2019ರ ಕೊನೆಯಲ್ಲಿ ಆರಂಭವಾಯಿತು. ಇದರಲ್ಲಿ ಮೊಬೈಲಿನ ಮಾತು ಗೋಪುರಕ್ಕೆ ಹೋಗುವ ಬದಲು ಮನೆಯ ವೈಫೈ ರೌಟರ್ ಮತ್ತು ಫೈಬರ್ ಮೂಲಕ ಕಂಪನಿಯ ಜಾಲವನ್ನು ಸೇರುತ್ತದೆ. ಗೋಡೆಯನ್ನು ದಾಟುವ ಕೆಲಸವನ್ನು ಅಲೆಯ ಬದಲು ತಂತಿಯೇ ಮಾಡುತ್ತದೆ. ಅದೇ ಸಂಖ್ಯೆಯಿಂದ ಕರೆ ಹೋಗುತ್ತದೆ, ಅದೇ ಸಂಖ್ಯೆಗೆ ಬರುತ್ತದೆ. ಮೊಬೈಲ್ ಮತ್ತು ಕಂಪನಿ ಎರಡೂ ಈ ಸೌಲಭ್ಯವನ್ನು ಒದಗಿಸಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಚಾಲನೆಗೊಳಿಸಿದರೆ ಸಾಕು. ರೌಟರನ್ನು ಕಬ್ಬಿಣದ ಬೀರುವಿನ ಮೇಲಾಗಲಿ ಮೂಲೆಯಲ್ಲಾಗಲಿ ಇಡದೆ ಮನೆಯ ನಡುಭಾಗದಲ್ಲಿ ಎತ್ತರದಲ್ಲಿ ಇರಿಸಬೇಕು.

ವೈಫೈ ಯಂತ್ರವೂ ರೇಡಿಯೊ ಅಲೆಗಳನ್ನೇ ಬಳಸುತ್ತದೆಯಲ್ಲವೇ, ಅದಕ್ಕೆ ಪರವಾನಗಿ ಏಕೆ ಬೇಡ ಎಂಬ ಪ್ರಶ್ನೆ ಸಹಜ. ಕಡಿಮೆ ಶಕ್ತಿಯ ಇಂತಹ ಸಾಧನಗಳಿಗಾಗಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿಯೂ 5 ಗಿಗಾಹರ್ಟ್ಸ್ ಪಟ್ಟಿಯನ್ನು 2018ರಲ್ಲಿಯೂ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ಅವು ಊರಿನ ಗೋಮಾಳವಿದ್ದಂತೆ. ಮೊಬೈಲ್ ಸೇವೆಯ ತರಂಗಪಟ್ಟಿಗಳು ಹಾಗಲ್ಲ. ಅವನ್ನು ನಿರ್ದಿಷ್ಟ ಸಂಸ್ಥೆಗಳಿಗೆ ನಿರ್ದಿಷ್ಟ ಹೊಣೆಯೊಡನೆ ವಹಿಸಲಾಗಿದೆ.

ಖಾಸಗಿ ಬೂಸ್ಟರ್ ಏಕೆ ಬೇಡ

ಮಾರುಕಟ್ಟೆಯಲ್ಲಿ ಬೂಸ್ಟರ್ ಅಥವಾ ರಿಪೀಟರ್ ಎಂಬ ಹೆಸರಿನ ಯಂತ್ರಗಳು ಸುಲಭ ಪರಿಹಾರವೆಂಬಂತೆ ಕಾಣಿಸಿಕೊಳ್ಳುತ್ತವೆ. ತಾರಸಿಯ ಮೇಲೊಂದು ಆಂಟೆನಾ, ಒಳಗೊಂದು ಆಂಟೆನಾ, ನಡುವೆ ಸಂಕೇತವನ್ನು ಹಿಗ್ಗಿಸುವ ಯಂತ್ರ. ಹಾಕಿದವರ ಮನೆಯಲ್ಲಿ ಗೆರೆಗಳು ಪೂರ್ಣವಾಗಿ ಕಾಣುತ್ತವೆ. ಆದರೆ ಹೊರಗೆ ಆಗುವ ಹಾನಿ ಅವರ ಕಣ್ಣಿಗೆ ಬೀಳುವುದಿಲ್ಲ.

ಯಂತ್ರವು ಗೋಪುರದಿಂದ ಬರುವ ಸಂಕೇತವನ್ನು ಹಿಗ್ಗಿಸುವಂತೆಯೇ ಮನೆಯಿಂದ ಗೋಪುರಕ್ಕೆ ಹೋಗುವುದನ್ನೂ ಹಿಗ್ಗಿಸುತ್ತದೆ. ಮಾತಿನ ಜೊತೆಗೆ ತನ್ನದೇ ಆದ ಗದ್ದಲವನ್ನೂ ಸೇರಿಸಿ ದಿನವಿಡೀ ಗೋಪುರದತ್ತ ಕಳುಹಿಸುತ್ತಿರುತ್ತದೆ. ದೂರದ ಮೊಬೈಲ್‌ಗಳ ಕ್ಷೀಣ ದನಿಯನ್ನು ಆಲಿಸಬೇಕಾದ ಗೋಪುರ ಈ ಗದ್ದಲದಲ್ಲಿ ಕಿವುಡಾಗುತ್ತದೆ. ಇನ್ನೊಂದು ದೋಷವೂ ಇದೆ. ಸಭೆಯಲ್ಲಿ ಮೈಕನ್ನು ಧ್ವನಿವರ್ಧಕದ ಎದುರಿಗೆ ಹಿಡಿದರೆ ಕರ್ಕಶವಾದ ಕೂಗು ಏಳುವುದನ್ನು ಎಲ್ಲರೂ ಕೇಳಿರುತ್ತಾರೆ. ಬೂಸ್ಟರಿನ ಒಳಗಿನ ಆಂಟೆನಾದ ಸಂಕೇತ ಹೊರಗಿನ ಆಂಟೆನಾಕ್ಕೆ ಮರಳಿ ತಲುಪಿದರೆ ಅಂತಹದೇ ಕೂಗು ರೇಡಿಯೊ ಅಲೆಗಳಲ್ಲಿ ಏಳುತ್ತದೆ. ಅದು ಕಿವಿಗೆ ಕೇಳಿಸುವುದಿಲ್ಲ. ಸುತ್ತಲಿನ ಮನೆಗಳ ಕರೆಗಳು ಕಡಿದುಹೋಗುತ್ತವೆ. ಒಂದು ಮನೆಯವರು ತಮ್ಮ ಕೋಣೆಗೆ ತಂದುಕೊಂಡ ಅನುಕೂಲಕ್ಕಾಗಿ, ಎರಡು ಬೀದಿಗಳಾಚೆ ಹೃದಯಾಘಾತಕ್ಕೊಳಗಾದವರ ಮನೆಯಿಂದ ಹೊರಟ ಆಂಬ್ಯುಲೆನ್ಸ್ ಕರೆ ತಲುಪದೆ ಹೋಗಬಹುದು. ಈ ಯಂತ್ರಗಳ ಮೇಲಿನ ನಿರ್ಬಂಧದ ತಿರುಳು ಇದೇ.

ರೇಡಿಯೊ ಯಂತ್ರಗಳಿಗೆ ಪರವಾನಗಿ ಅಗತ್ಯವೆಂಬ ತತ್ತ್ವವನ್ನು 1885ರ ಭಾರತೀಯ ಟೆಲಿಗ್ರಾಫ್ ಅಧಿನಿಯಮ ಹಾಗೂ 1933ರ ಭಾರತೀಯ ನಿಸ್ತಂತು ಟೆಲಿಗ್ರಾಫಿ ಅಧಿನಿಯಮ ಸ್ಥಾಪಿಸಿದವು. 2023ರ ದೂರಸಂಪರ್ಕ ಅಧಿನಿಯಮವೂ ಅದೇ ತತ್ತ್ವವನ್ನು ಅನುಸರಿಸಿದೆ. ಪರವಾನಗಿ ಪಡೆದ ದೂರಸಂಪರ್ಕ ಸೇವಾ ಸಂಸ್ಥೆಗಳ ಹೊರತು ಬೇರಾವ ವ್ಯಕ್ತಿ ಅಥವಾ ಸಂಸ್ಥೆಯೂ ಮೊಬೈಲ್ ಬೂಸ್ಟರನ್ನು ಇಟ್ಟುಕೊಳ್ಳುವುದು, ಮಾರುವುದು ಅಥವಾ ಬಳಸುವುದು ಕಾನೂನುಬಾಹಿರವೆಂದು ದೂರಸಂಪರ್ಕ ಇಲಾಖೆ 2022ರ ಜುಲೈ ತಿಂಗಳಲ್ಲಿ ಸಾರ್ವಜನಿಕರಿಗೆ ಸ್ಪಷ್ಟಪಡಿಸಿತು. ಅಂಗಡಿಯಲ್ಲಿ ಅಥವಾ ಜಾಲತಾಣದಲ್ಲಿ ದೊರೆಯುತ್ತದೆ ಎಂಬ ಮಾತ್ರಕ್ಕೆ ಯಂತ್ರ ಕಾನೂನುಬದ್ಧವಾಗುವುದಿಲ್ಲ.

ಇಡೀ ಕಟ್ಟಡಕ್ಕೆ ಒಂದೇ ವ್ಯವಸ್ಥೆ

ಬಹುಮಹಡಿ ವಸತಿ ಸಮುಚ್ಚಯ, ಆಸ್ಪತ್ರೆ, ಕಾಲೇಜು ಮತ್ತು ಕಚೇರಿಗಳಿಗೆ ಸೂಕ್ತವಾದುದು ಕಟ್ಟಡದೊಳಗಿನ ಸಾಮೂಹಿಕ ಆಂಟೆನಾ ವ್ಯವಸ್ಥೆ. ಪರವಾನಗಿ ಪಡೆದ ಸಂಸ್ಥೆಯು ತನ್ನ ಜಾಲದ ಸಂಕೇತವನ್ನು ಫೈಬರಿನ ಮೂಲಕ ಕಟ್ಟಡದ ಒಂದು ಕೋಣೆಗೆ ತರುತ್ತದೆ. ಅಲ್ಲಿಂದ ಕೇಬಲ್‌ಗಳ ಮೂಲಕ ಪ್ರತಿ ಮಹಡಿಯ ಮೇಲ್ಛಾವಣಿಯಲ್ಲಿರುವ ಪುಟ್ಟ ಆಂಟೆನಾಗಳಿಗೆ ಅದನ್ನು ಹಂಚಲಾಗುತ್ತದೆ. ಎತ್ತರದ ನೀರಿನ ತೊಟ್ಟಿಯಿಂದ ಪ್ರತಿ ಮನೆಗೂ ನಲ್ಲಿ ಎಳೆದಂತೆ ಇದರ ರಚನೆ. ಪ್ರತಿಯೊಂದು ಆಂಟೆನಾದ ಶಕ್ತಿ ಕಡಿಮೆ. ಮೊಬೈಲ್ ಕೂಡ ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುತ್ತದೆ. ನೆಲಮಾಳಿಗೆ, ಲಿಫ್ಟ್ ಮತ್ತು ಮೆಟ್ಟಿಲುಗಳನ್ನೂ ಇದರ ವ್ಯಾಪ್ತಿಗೆ ತರಬಹುದು.

ನಿವಾಸಿಗಳ ಸಂಘಗಳು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಒಂದೇ ಕಂಪನಿಗೆ ಏಕಸ್ವಾಮ್ಯ ನೀಡುವ ಒಪ್ಪಂದಕ್ಕೆ ಸಹಿ ಮಾಡಬಾರದು. ಎಲ್ಲ ಕಂಪನಿಗಳೂ ಹಂಚಿಕೊಳ್ಳಬಹುದಾದ ವ್ಯವಸ್ಥೆಯಿದ್ದರೆ ನಿವಾಸಿಗಳಿಗೆ ಆಯ್ಕೆಯ ಸ್ವಾತಂತ್ರ್ಯ ಉಳಿಯುತ್ತದೆ. ಎರಡನೆಯದು, ಉಪಕರಣಗಳಿಗೆ ಕೋಣೆ, ಕೇಬಲ್ ಹಾದುಹೋಗಲು ಕೊಳವೆ ಮತ್ತು ವಿದ್ಯುತ್ ಮರುಪೂರಣದ ಏರ್ಪಾಡನ್ನು ಕಟ್ಟಡದ ನಕ್ಷೆಯಲ್ಲಿಯೇ ಸೇರಿಸುವುದು ಲೇಸು. ಕಟ್ಟಿದ ಮೇಲೆ ಗೋಡೆ ಕೊರೆಯುವುದಕ್ಕಿಂತ ಕಟ್ಟುವಾಗಲೇ ದಾರಿ ಬಿಡುವುದು ಅಗ್ಗ. ಈ ದೃಷ್ಟಿಯಿಂದ ಟ್ರಾಯ್ 2024ರ ಅಕ್ಟೋಬರ್‌ನಲ್ಲಿ ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ನಕ್ಷತ್ರ ಶ್ರೇಣಿ ನೀಡುವ ನಿಯಮಗಳನ್ನು ಹೊರಡಿಸಿತು. ಮನೆ ಕೊಳ್ಳುವವರು ನೀರು, ವಿದ್ಯುತ್, ರಸ್ತೆಗಳನ್ನು ವಿಚಾರಿಸುವಂತೆ ಒಳಗಿನ ಮೊಬೈಲ್ ಸಂಪರ್ಕವನ್ನೂ ವಿಚಾರಿಸುವುದು ವಿವೇಕ.

ಗೋಪುರದ ಬಗೆಗಿನ ಆತಂಕ

ವಿಕಿರಣದ ಭಯದಿಂದ ಬಡಾವಣೆಯಲ್ಲಿ ಗೋಪುರ ಬೇಡವೆನ್ನುವವರಿದ್ದಾರೆ. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಮಿತಿಯು ಅಂತರರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದು ಪಾಲಾಗಿತ್ತು. ಗೋಪುರ ದೂರವಾದಷ್ಟೂ ಕಿವಿಗೆ ಒತ್ತಿ ಹಿಡಿದ ಮೊಬೈಲ್ ಹೆಚ್ಚಿನ ಶಕ್ತಿಯಲ್ಲಿ ಪ್ರಸಾರ ಮಾಡಬೇಕಾಗುತ್ತದೆ ಎಂಬುದನ್ನೂ ಮರೆಯಬಾರದು. ಸಮೀಪದ ಗೋಪುರಗಳ ವಿವರಗಳನ್ನು 2017ರಲ್ಲಿ ಆರಂಭವಾದ ‘ತರಂಗ್ ಸಂಚಾರ್’ ಜಾಲತಾಣದಲ್ಲಿ ನೋಡಲು ಸರ್ಕಾರ ಅವಕಾಶ ಕಲ್ಪಿಸಿತು. ಇದೇ ಸಂದರ್ಭದಲ್ಲಿ ಮತ್ತೊಂದು ಎಚ್ಚರಿಕೆ ಅಗತ್ಯ. ತಾರಸಿಯ ಮೇಲೆ ಗೋಪುರ ಹಾಕಿಸಿ ದೊಡ್ಡ ಬಾಡಿಗೆ ಕೊಡಿಸುವುದಾಗಿ ನಂಬಿಸಿ, ಮುಂಗಡ ಶುಲ್ಕ ಕೇಳುವವರು ವಂಚಕರೆಂದೇ ತಿಳಿಯಬೇಕು.

ವಿಪತ್ತಿನ ಸಮಯಕ್ಕೆ ಸಿದ್ಧತೆ

2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದ ಬಳಿ ಭೂಮಿಯನ್ನು ಅಪ್ಪಳಿಸಿತು. ಗಾಳಿಯ ವೇಗ ಗಂಟೆಗೆ 170ರಿಂದ 180 ಕಿಲೋಮೀಟರಿನಷ್ಟಿತ್ತು. ಮರಗಳು, ವಿದ್ಯುತ್ ಕಂಬಗಳು ಉರುಳಿದವು. ವಿದ್ಯುತ್ತಿನೊಡನೆ ದೂರವಾಣಿ ಜಾಲವೂ ಅಸ್ತವ್ಯಸ್ತವಾಗಿ, ತಮ್ಮವರು ಕ್ಷೇಮವಾಗಿದ್ದಾರೆಯೇ ಎಂದು ತಿಳಿಯದೆ ದೂರದ ಊರುಗಳಲ್ಲಿದ್ದವರು ಕಳವಳಪಟ್ಟರು. ಕಟ್ಟಡದೊಳಗಿನ ಸಂಪರ್ಕವನ್ನು ಸುಧಾರಿಸುವಾಗ ಈ ಪಾಠವನ್ನು ಮರೆಯಬಾರದು. ವೈಫೈ ಕರೆ ವಿದ್ಯುತ್ತನ್ನೂ ಫೈಬರನ್ನೂ ಅವಲಂಬಿಸಿದೆ. ಆದುದರಿಂದ ರೌಟರಿಗೆ ಒಂದು ಸಣ್ಣ ಬ್ಯಾಟರಿಯ ಆಸರೆ ಇರಬೇಕು. ಮನೆಯಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಸಂಪರ್ಕವಿದ್ದರೆ ಇನ್ನೂ ಒಳ್ಳೆಯದು. ಸಂಕೇತ ಅತ್ಯಂತ ಉತ್ತಮವಾಗಿರುವ ಕಿಟಕಿ ಯಾವುದು ಎಂಬುದು ಮನೆಯ ಹಿರಿಯರಿಗೂ ಮಕ್ಕಳಿಗೂ ತಿಳಿದಿರಬೇಕು. ದುರ್ಬಲ ಸಂಕೇತದಲ್ಲಿ ಮಾತು ಹೋಗದಿದ್ದರೂ ಕಿರುಸಂದೇಶ ಹೋಗುವ ಸಾಧ್ಯತೆ ಹೆಚ್ಚು. ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿದಾಗ, ಸ್ವಂತ ಕಂಪನಿಯ ಸಂಕೇತ ಸಿಗದಿದ್ದರೂ ಲಭ್ಯವಿರುವ ಬೇರೆ ಜಾಲದ ಮೂಲಕ ಕರೆ ಹೋಗಲು ಪ್ರಯತ್ನಿಸುವಂತೆ ಮೊಬೈಲ್‌ಗಳನ್ನು ರೂಪಿಸಲಾಗಿದೆ. ಗೆರೆಗಳಿಲ್ಲವೆಂದು ಆ ಪ್ರಯತ್ನವನ್ನು ಕೈಬಿಡಬಾರದು.

ರೇಡಿಯೊ ಅಲೆಗಳು ಯಾರೊಬ್ಬರ ಸ್ವತ್ತೂ ಅಲ್ಲ. ಕೆರೆಯ ನೀರಿನಂತೆ ಅವು ಊರಿಗೆಲ್ಲ ಸೇರಿದವು. ತನ್ನ ಹೊಲಕ್ಕೆ ಹೆಚ್ಚು ನೀರು ಹರಿಸಿಕೊಳ್ಳಲು ತೂಬನ್ನು ಒಡೆದವನು ಕೊನೆಯ ಹೊಲದವನ ಪಾಲನ್ನು ಕಸಿಯುತ್ತಾನೆ. ಕೊರತೆಯನ್ನು ಅಳೆದು, ದೂರನ್ನು ಸರಿಯಾದ ಕಡೆ ಸಲ್ಲಿಸಿ, ವೈಫೈ ಕರೆಯಂತಹ ಸೌಲಭ್ಯವನ್ನು ಬಳಸಿ, ನೆರೆಯವರೊಡನೆ ಸೇರಿ ಇಡೀ ಕಟ್ಟಡಕ್ಕೆ ಅಧಿಕೃತ ವ್ಯವಸ್ಥೆಯನ್ನು ಪಡೆದುಕೊಂಡರೆ, ಒಂದು ಮನೆಯ ಅನುಕೂಲ ಇನ್ನೊಂದು ಮನೆಯ ಆಪತ್ತಾಗದೆ ಎಲ್ಲರ ಕರೆಯೂ ತಲುಪಬೇಕಾದಲ್ಲಿಗೆ ತಲುಪುತ್ತದೆ.